ಸೂಲಗಿತ್ತಿ ಕಲಿತ ಮೌನ

ಆ ಬೀದಿಗಳಲ್ಲಿ ಅರ್ಧಕ್ಕರ್ಧ ಮಂದಿ ಕಣ್ಣು ತೆರೆದದ್ದು ಆ ಸೂಲಗಿತ್ತಿಯ ಅಂಗೈಯಲ್ಲಿ. ನೋವು ತಿನ್ನುವವಳ ತೋಳನ್ನು ಬಿಗಿಹಿಡಿದು, ಕಿವಿಯ ಬಳಿ ಬಾಯಿಟ್ಟು ಎಡೆಬಿಡದೆ ಧೈರ್ಯ ಹೇಳುವುದೇ ಅವಳ ವಿದ್ಯೆ. ಭಗವಂತನು ತನಗಿತ್ತ ಸಂಪತ್ತು ಕೈ ಮತ್ತು ನಾಲಿಗೆ ಎಂದು ನಂಬಿದ್ದಳು.

ಮನೆಯಲ್ಲೇ ಹೊಲಿಗೆ ಮಿಷನ್ ತುಳಿಯುತ್ತಿದ್ದ ದರ್ಜಿ ತಮ್ಮನಿಗೆ ಹೃದಯದ ಬೇನೆ ಬಲಿತಾಗ, ತಾಯಿಯಿಲ್ಲದ ಅವನ ಮಗಳಿಗೆ ಮುಂದೆ ಇವಳೇ ದಿಕ್ಕೆಂದಾಯಿತು. ಹುಡುಗಿಗೆ ಆಟಿಸಂ. ಅತ್ತೆ ಬಂದ ಮೊದಲ ವಾರವೇ, ಕುಕ್ಕರಿನ ಸೀಟಿಯೂ ಗಿರಾಕಿಗಳ ಗದ್ದಲವೂ ಕೂಡಿದ ಗಳಿಗೆಯಲ್ಲಿ, ಅವಳು ಚೀರುತ್ತ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಳು. ಅತ್ತೆ ಓಡಿಹೋಗಿ ತಬ್ಬಿಕೊಂಡು, "ಏನಾಯ್ತು ಕಂದ, ನಾನಿದೀನಿ, ನಾನಿದೀನಿ" ಎಂದಷ್ಟೂ ಚೀರಾಟ ಹೆಚ್ಚಿತು. ಅತ್ತೆಯ ಮಣಿಕಟ್ಟಿಗೆ ಹುಡುಗಿಯ ಹಲ್ಲು ನಾಟಿತು.

"ಕೈ ಬಿಡಕ್ಕ! ಮಾತೂ ನಿಲ್ಸು!" ಎಂದ ತಮ್ಮ ದೀಪವಾರಿಸಿ, ಗಿರಾಕಿಗಳನ್ನು ಹೊರಗೆ ಕಳಿಸಿ, ಮಗಳ ತಲೆಗೂ ಗೋಡೆಗೂ ನಡುವೆ ದಿಂಬಿಟ್ಟು ದೂರ ಕುಳಿತನು.

ಎಲ್ಲವೂ ತಣ್ಣಗಾದ ಮೇಲೆ ಹೇಳಿದನು: "ಇದು ಹಟ ಅಲ್ಲಕ್ಕ. ತಡ್ಕೊಳ್ಳೋಕಾಗ್ದೆ ಹೀಗಾಗುತ್ತೆ. ಮೊದ್ಲು ಕಿವಿ ಹಾಲೆ ತಿರುವ್ತಾಳೆ, ಆಮೇಲೆ ಒಂದೇ ಮಾತು ಹೇಳ್ತಾನೇ ಇರ್ತಾಳೆ. ಅಷ್ಟು ಹೊತ್ತಿಗೇ ಸದ್ದಡಗಿಸ್ಬೇಕು. ತಡವಾದ್ಮೇಲೆ ಮುಟ್ಟಿದ್ರೆ ಸುಟ್ಟ ಹಾಗಾಗುತ್ತೆ ಅವಳಿಗೆ."

"ಇವಳನ್ನ ಭೂಮಿಗೆ ತಂದಿದ್ದೇ ಈ ಕೈ ಕಣೋ!"

"ಹುಟ್ಟಿದಾಗ ಅಳಲಿಲ್ಲ ಅಂತ ಬೆನ್ನಿಗೆ ಎರಡು ಬಿಟ್ಯಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ ನೋಡು."

ಮಣಿಕಟ್ಟನ್ನು ನೀರಿಗೆ ಹಿಡಿಯುತ್ತ ಅವಳೂ ನಕ್ಕಳು.

ಚಳಿಗಾಲ ಕಳೆಯುವ ಮೊದಲೇ ತಮ್ಮನು ತೀರಿಕೊಂಡನು. ಆಸ್ಪತ್ರೆಯಿಂದ ದೇಹವನ್ನು ತಂದು ನಡುಮನೆಯಲ್ಲಿ ಮಲಗಿಸಿದಾಗ ನೆರೆಹೊರೆಯವರ ರೋದನ ಸೂರು ಮುಟ್ಟಿತು. ಅಕ್ಕನ ಗಂಟಲಿಗೂ ಕೂಗು ಬಂದಿತ್ತು. ಅಷ್ಟರಲ್ಲಿ ಕಣ್ಣು ಮೂಲೆಯತ್ತ ಹೊರಳಿತು. ಹುಡುಗಿ ಕಿವಿಯ ಹಾಲೆಯನ್ನು ತಿರುವುತ್ತಿದ್ದಳು.

"ಅಪ್ಪ ಮಿಷನ್ ತುಳೀತಿಲ್ಲ. ಅಪ್ಪ ಮಿಷನ್ ತುಳೀತಿಲ್ಲ."

ಬಂದ ಕೂಗನ್ನು ಅತ್ತೆ ನುಂಗಿದಳು. ಎದ್ದು ಎಲ್ಲರಿಗೂ ಕೈಮುಗಿದು, "ಹೊರಗೆ ನಡೀರಿ. ಅಳೋರು ಬೀದೀಲಿ ಅಳಿ" ಎಂದು ಪಿಸುನುಡಿದಳು.

"ಒಡಹುಟ್ಟಿದವನು ಹೋದ್ರೂ ಕಣ್ಣಲ್ಲಿ ಒಂದು ಹನಿ ಇಲ್ಲ. ಎದೆಯೋ ಕಲ್ಲೋ!" ಎಂದು ಪಕ್ಕದ ಮನೆಯಾಕೆ ಆಡಿಕೊಂಡೇ ಹೊಸ್ತಿಲು ದಾಟಿದಳು.

ಸೂಲಗಿತ್ತಿ ಕದವಿಕ್ಕಿದಳು, ಪರದೆ ಎಳೆದಳು, ದೂರದಲ್ಲೇ ಕುಳಿತಳು. ಹುಡುಗಿ ಚೀರಲಿಲ್ಲ. ಮುದುಡಿ ನೆಲಕ್ಕೊರಗಿ, ಅದೇ ಮಾತನ್ನು ಸಣ್ಣಗೆ, ಇನ್ನೂ ಸಣ್ಣಗೆ ನುಡಿಯುತ್ತ ನಿದ್ದೆಹೋದಳು.

ದೇಹವನ್ನು ಹೊರುವವರನ್ನು ಸೂಲಗಿತ್ತಿ ಹಿತ್ತಿಲ ಬಾಗಿಲಿನಿಂದ, ಬರಿಗಾಲಲ್ಲಿ ಒಳಗೆ ಕರೆದಳು. ಬೀದಿಯ ತುದಿಯವರೆಗಾದರೂ ಹೋಗಬೇಕೆಂದು ಕಾಲು ತವಕಿಸಿತು. ಮಲಗಿದವಳನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ಬಾಯಿಗೆ ಬಟ್ಟೆಯನ್ನು ಕಚ್ಚಿಕೊಂಡು ಕುಳಿತಲ್ಲೇ ಕುಳಿತಳು. ಅವಳು ಎತ್ತಿ ಆಡಿಸಿದ ತಮ್ಮನು, ಒಡಹುಟ್ಟಿದವಳ ಒಂದು ಕೂಗೂ ಇಲ್ಲದೆ, ಮನೆ ಬಿಟ್ಟು ಹೋದನು.