ಅಳದ ಕೂಸುಗಳ ಶೆಡ್ಡು

ಹದಿನಾಲ್ಕು ಕೂಸುಗಳಿದ್ದ ಶೆಡ್ಡಿನೊಳಗೆ ಕಾಲಿಟ್ಟೆ. ಒಂದೂ ಅಳುತ್ತಿರಲಿಲ್ಲ. ಹುಣಸಗಿಯ ಆಚೆ, ಕಾಲುವೆ ಕಡಿಯುವವರ ಕ್ಯಾಂಪಿನಲ್ಲಿ ಅದು ನನ್ನ ಮೊದಲ ಮಧ್ಯಾಹ್ನ. ಬಿಸಿಲಿಗೆ ಕಾದ ತಗಡು ಚಟಚಟ ಅನ್ನುತ್ತಿತ್ತು. ಗಳಕ್ಕೆ ಕಟ್ಟಿದ ಹಳೆ ಸೀರೆಯ ಜೋಳಿಗೆಗಳಲ್ಲಿ ಐದು ಕೂಸು, ಉಳಿದವು ಚಾಪೆಯ ಮೇಲೆ. ಮುಖದ ಮೇಲೆ ನೊಣ ಕೂತರೂ ಒಂದು ಕೈ ಅಲುಗಲಿಲ್ಲ. ಅಲ್ಲಿಯ ತನಕ ಅವನ್ನು ನೋಡಿಕೊಂಡಿದ್ದ ತಿಪ್ಪಮ್ಮ ಎಂಬ ಮುದುಕಿ ಬಾಗಿಲಲ್ಲಿ ಎಲೆಯಡಿಕೆ ಜಗಿಯುತ್ತಾ ಕೂತಿದ್ದಳು.

"ಭಾಳ ಶಾಣ್ಯಾ ಕೂಸುಗಳು ಅವ," ಎಂದೆ.

"ಹೌದ್ ನೋಡವಾ ತಂಗಿ. ಕ್ಯಾಂಪಿನ ನೀರೇ ಹಂತಾದ್ದು."

ನಾನು ನಂಬಿದೆ.

ಮಕ್ಕಳೇ, ನೀವು ಹುಣಸಗಿಯಲ್ಲೇ ಹುಟ್ಟಿದವರು, ಇದೇ ನಿಮ್ಮ ಊರು. ನನಗೆ ಇದು ಬಂದ ಊರು. ನಿಮ್ಮಲ್ಲಿ ದೊಡ್ಡಾಕಿ ಅಂಗನವಾಡಿ ಕೆಲಸಕ್ಕೆ ಸೇರಿದ ದಿನ, "ಅಜ್ಜಿ, ನಿಮ್ಮ ಕಾಲದಾಗ ಕೂಸು ಬಂದ್ರ ಏನೇನ್ ನೋಡ್ತಿದ್ರಿ?" ಎಂದು ಕೇಳಿದಳು. ಬಾಯಲ್ಲಿ ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನನ್ನ ತವರು ರಾಮಸಮುದ್ರ ಬಿಟ್ಟೆ. ನನ್ನ ಚಿಕ್ಕಪ್ಪನ ಮಗ ಕಾಲುವೆ ಆಫೀಸಿನಲ್ಲಿ ಗುಮಾಸ್ತ. "ಏಳನೇತ್ತ ತನಕ ಓದೀದಿ, ಕೂಸುಗಳ ಹೆಸರು ಬರ್ಕೊಳ್ಳಾಕ ಬರ್ತದ, ಸಾಕು," ಎಂದು ಅವನೇ ಕೂಸು ಕಾಯುವ ಈ ಕೆಲಸ ಕೊಡಿಸಿದ. ಮೂರು ವರ್ಷದ ನಿಮ್ಮ ಅವ್ವನನ್ನು ಕಂಕುಳಲ್ಲಿ ಇಟ್ಟುಕೊಂಡು ಯಾದಗಿರಿ, ಶಹಾಪುರ, ಸುರಪುರದಲ್ಲಿ ಬಸ್ಸು ಬದಲಿಸಿ ಬಂದೆ. ಪರ ಗಂಡಸರೊಂದಿಗೆ ಅದುವರೆಗೆ ನಾನು ಮಾತಾಡಿದ್ದು ಬಹಳ ಕಡಿಮೆ. ದಾರಿಯಲ್ಲಿ ಕಂಡಕ್ಟರನಿಗೆ ಊರಿನ ಹೆಸರು ಹೇಳಿದ್ದೇ ದೊಡ್ಡ ಮಾತು.

ರಾಮಸಮುದ್ರದಲ್ಲಿ ಮಣ್ಣಿನ ಮಾಳಿಗೆ, ಬೇಸಿಗೆಯಲ್ಲೂ ತಂಪು. ಇಲ್ಲಿ ಶೆಡ್ಡಿಗೆ ಅಂಟಿಕೊಂಡ ತಗಡಿನ ಖೋಲಿ. ಅಲ್ಲಿ ಜೋಳದ ರೊಟ್ಟಿ. ಇಲ್ಲಿ ಪಕ್ಕದವರು ಕೊಡುತ್ತಿದ್ದದ್ದು ಅನ್ನ, ಚಾರು. ಅಂದರೆ ಹುಣಸೆಹಣ್ಣಿನ ನೀರುಸಾರು. ನಿಮ್ಮ ಅವ್ವ ಎರಡೇ ದಿನದಲ್ಲಿ ಅದನ್ನು ಸುರಿದು ಉಣ್ಣಲು ಕಲಿತಳು, ನನಗೆ ತಿಂಗಳು ಬೇಕಾಯಿತು. ಕೆಲಸದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೆಲುಗು ಸೀಮೆಯವರು. ನಾನು ಕಲಿತ ಮೊದಲ ತೆಲುಗು ಮಾತು 'ಪಡುಕುಂದಿ', ಮಲಗಿದೆ ಎಂದು. ಬೆಳಿಗ್ಗೆ ತಾಯಂದಿರು ಕೂಸನ್ನು ನನ್ನ ಕೈಗೆ ಹಾಕಿ ಅದೊಂದು ಮಾತು ಹೇಳಿ ಕಾಲುವೆಯೊಳಗೆ ಇಳಿದುಬಿಡುತ್ತಿದ್ದರು. ಮಲಗಿದ ಕೂಸು ಬಂದರೆ ಯಾರಿಗೆ ಬೇಡ? ನಾನು ಕೌದಿ ಹೊಲಿಯುತ್ತಾ ಕೂರುತ್ತಿದ್ದೆ, ತಿಪ್ಪಮ್ಮನೂ ದಿನಾ ಬಂದು ಬಾಗಿಲಲ್ಲಿ ಕೂರುತ್ತಿದ್ದಳು.

ಹತ್ತು ದಿನ ಹೀಗೆ ಹೋಯಿತು. ಹನ್ನೊಂದನೆಯ ದಿನ ಮಧ್ಯಾಹ್ನ ಎಲ್ಲಮ್ಮ ಎಂಬ ಹೆಂಗಸು ಮೊಲೆ ಕೊಡಲು ಮೇಲೆ ಬಂದಳು. ಅವಳ ಕೂಸಿಗೆ ಎಂಟು ತಿಂಗಳು. ಅದು ಬಾಯಿ ತೆರೆಯಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. "ಲೇಪು, ಲೇಪು," ಎನ್ನುತ್ತಾ ನನ್ನ ಕೈಗೆ ತುರುಕಿದಳು. ಎಬ್ಬಿಸು ಎಂದು. ಅದು ನಾನು ಕಲಿತ ಎರಡನೆಯ ಮಾತು.

ತಿಪ್ಪಮ್ಮ ಕೂತಲ್ಲಿಂದಲೇ, "ನಿದ್ದಿ ಹೆಚ್ಚಾಗ್ಯದ, ಇಳೀತದ ಬಿಡು," ಎಂದಳು.

ನಾನು ಕೂಸನ್ನು ಎತ್ತಿಕೊಂಡು ಆಫೀಸಿನ ಕಡೆ ಓಡಿದೆ. ತಲೆಯ ಮೇಲಿನ ಸೆರಗು ಎಲ್ಲಿ ಜಾರಿತೋ ಗೊತ್ತಿಲ್ಲ. ಹೊರಟಿದ್ದ ಜೀಪಿನ ಮುಂದೆ ನಿಂತುಬಿಟ್ಟೆ. ಹಿಂದೆಯೇ ಓಡಿಬಂದ ಎಲ್ಲಮ್ಮನೂ ಹತ್ತಿದಳು.

ಹುಣಸಗಿ ದವಾಖಾನೆಯ ಡಾಕ್ಟರ್ ಕೂಸಿನ ರೆಪ್ಪೆ ಎತ್ತಿ ನೋಡಿದರು. "ಅಫೀಮು," ಎಂದರು. ಎಲ್ಲಮ್ಮ ನೆಲ ನೋಡುತ್ತಿದ್ದಳು. ಕೂಸಿಗೆ ಉಸಿರು ಮರಳಿಸುವ ಕೆಲಸ ಬಹಳ ಹೊತ್ತು ನಡೆಯಿತು. ಆಮೇಲೆ ಅವರು ನಮ್ಮಿಬ್ಬರ ಕಡೆ ತಿರುಗಿ ಕೇಳಿದರು: "ಕೂಸು ಯಾರ ಸುಪರ್ದಿನಾಗ ಇತ್ತು?"

ತಾಯಿಯೇ ಅಫೀಮು ಕೊಟ್ಟಿದ್ದಾಳೆ ಎನ್ನಬಹುದಿತ್ತು, ಅದು ನಿಜ. ತಿಪ್ಪಮ್ಮನ ಹೆಸರನ್ನೂ ಹೇಳಬಹುದಿತ್ತು.

"ನನ್ನ ಸುಪರ್ದಿನಾಗ ಇತ್ತರಿ."

"ಬೆಳಿಗ್ಗೆ ನಿಮ್ಮ ಕೈಗೆ ಬಂದಾಗ ಎಚ್ಚರ ಇತ್ತೇನು?"

"ನಾ ನೋಡಿರಲಿಲ್ಲರಿ."

ಅವರು ಬೈಯಲಿಲ್ಲ. "ಇನ್ಮ್ಯಾಲ ನೋಡ್ರಿ," ಎಂದರು, ಅಷ್ಟೆ.

ಮರುದಿನ ಬೆಳಿಗ್ಗೆ ಕೂಸು ಅತ್ತಿತು. ಹಿಂತಿರುಗುವಾಗ ಎಲ್ಲಮ್ಮ ತನ್ನ ಅರೆಬರೆ ಕನ್ನಡದಲ್ಲಿ ಎಲ್ಲ ಹೇಳಿದಳು. ಅವಳೊಬ್ಬಳೇ ಅಲ್ಲ, ಸುಮಾರು ಎಲ್ಲರೂ ಬೆಳಿಗ್ಗೆ ಚೂರು ಅಫೀಮು ಹಾಲಿನಲ್ಲಿ ಅರೆದು ನೆಕ್ಕಿಸುತ್ತಾರೆ. ಕೂಸು ಅತ್ತರೆ ತಾಯಿ ಮೇಲೆ ಬರಬೇಕು. ಮೇಲೆ ಬಂದವಳಿಗೆ ಮುಕಾದಮ, ಅಂದರೆ ಕೂಲಿಯವರ ಮೇಲಿನವನು, ನಾಳೆ ಬರಬೇಡ ಎನ್ನುತ್ತಾನೆ. "ನಾ ಏನ್ ಮಾಡ್ಲಿ ಅಕ್ಕೋರ, ನೀವೇ ಹೇಳ್ರಿ."

ರಾಮಸಮುದ್ರದಲ್ಲಿ ಕೂಸು ಅತ್ತರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತವೆ. ಯಾರೋ ಒಬ್ಬರು ಎತ್ತಿಕೊಳ್ಳುತ್ತಾರೆ, ಯಾರೆಂದು ಯಾರೂ ಕೇಳುವುದಿಲ್ಲ. ಹಾಗಾಗಿ ಕೂಸು ಯಾರ ಕೈಯಲ್ಲಿದೆ ಎಂಬ ಯೋಚನೆಯೇ ನನಗೆ ಅಭ್ಯಾಸ ಇರಲಿಲ್ಲ. ಇಲ್ಲಿ ಹಾಗಲ್ಲ. ಇಲ್ಲಿ ಕೈ ಒಂದೇ, ಅದು ನನ್ನದು.

ಮರುದಿನ ಬಾಗಿಲಲ್ಲಿ ನಿಂತೆ. ಎಚ್ಚರ ಇರುವ ಕೂಸನ್ನು ಮಾತ್ರ ತೆಗೆದುಕೊಳ್ಳುತ್ತೇನೆ ಎಂದೆ. ಅಂಗಾಲು ಕೆರೆದು, ಕಣ್ಣು ನೋಡಿ ಒಳಗೆ ಬಿಡುತ್ತಿದ್ದೆ. ಹೆಂಗಸರು ಸಾಲಾಗಿ ನಿಂತು ಗೊಣಗಿದರು, ನಕ್ಕರು.

"ರಾಮಸಮುದ್ರದ ಫೌಜದಾರ ಬಂದಾರ, ಸರೀರೇ!"

"ಮೊಲಿ ಕುಡಿಯೋ ಕೂಸಿಗೂ ಝಡತಿ-ತಪಾಸಣಿ ಸುರುವಾತು!"

ಹಣಮವ್ವ ಎಂಬಾಕೆ ನಗಲಿಲ್ಲ. ಮಲಗಿದ್ದ ತನ್ನ ಮಗಳನ್ನು ಹೆಗಲಿಗೆ ಹಾಕಿಕೊಂಡು ತಿರುಗಿ ಹೋದಳು. ಕಾಲುವೆಯ ಅಂಚಿನ ಜಾಲಿಮರಕ್ಕೆ ಜೋಳಿಗೆ ಕಟ್ಟಿ ಕೆಲಸಕ್ಕೆ ಇಳಿದಳು. ಸಂಜೆಯ ತನಕ ಶೆಡ್ಡಿನ ಬಾಗಿಲಿನಿಂದ ಆ ಜೋಳಿಗೆ ಕಾಣುತ್ತಿತ್ತು. ನೆರಳು ಸರಿಯಿತು, ಜೋಳಿಗೆ ಬಿಸಿಲಿಗೆ ಬಂತು. ನಾನು ಎರಡು ಸಲ ಹೋಗಿ ಸೆರಗಿನಿಂದ ನೆರಳು ಮಾಡಿ ಬಂದೆ. ಬಾಗಿಲು ಹಾಕಿಕೊಂಡರೆ ಕಾಯ್ದಂತೆ ಆಗುವುದಿಲ್ಲ ಎಂಬುದು ಅಂದು ತಿಳಿಯಿತು. ಮಲಗಿದ ಕೂಸೇ ಮೊದಲು ಒಳಗೆ ಬರಬೇಕಾದದ್ದು. ಮರುದಿನದಿಂದ ಅಂಥದ್ದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮತ್ತೆ ಮತ್ತೆ ಎಬ್ಬಿಸುತ್ತಾ ಕೂತೆ.

ಆದರೆ ಬೇರು ಇದ್ದದ್ದು ಬೇರೆ ಕಡೆ. ಸೆರಗು ಮುಂದೆ ಎಳೆದುಕೊಂಡು ಮುಕಾದಮನ ಮುಂದೆ ಹೋಗಿ ನಿಂತೆ.

"ನಿನ್ನ ಶೆಡ್ಡಿನಾಗ ಗದ್ದಲ ಭಾಳ ಆಗ್ಯದಲ್ಲ ಈಗೀಗ?" ಎಂದ.

"ಕೂಸುಗಳು ಬದುಕ್ಯಾವಲ್ರಿ, ಅದಕ್ಕ."

ಆ ಮಾತಿಗೇ ನಿಲ್ಲಲಿಲ್ಲ. ತಾಯಂದಿರನ್ನು ದಿನಕ್ಕೆ ಮೂರು ಸಲ ಮೇಲೆ ಕಳಿಸಬೇಕು, ಹಾಗೆ ಬಂದವರನ್ನು ಕೆಲಸದಿಂದ ಬಿಡಿಸಬಾರದು, ಇಲ್ಲದಿದ್ದರೆ ಡಾಕ್ಟರಿಗೆ ಬರೆದು ಕೊಡುತ್ತೇನೆ ಎಂದೆ. ಅವನು ಎರಡು ಸಲಕ್ಕೆ ಒಪ್ಪಿದ. ನಾನು ಬೇಕೆಂದೇ ಒಂದು ಹೆಚ್ಚು ಕೇಳಿದ್ದೆ.

ತಿಪ್ಪಮ್ಮನಿಗೆ ಮಾತ್ರ ಸಿಟ್ಟು. "ನನ್ನ ಆರು ಮಕ್ಕಳು ಹಂಗೇ ಬೆಳದಾವ. ಏನಾಗ್ಯದ ಅವಕ್ಕ?"

"ಹಡದಿದ್ದು ಎಷ್ಟಬೇ?"

ಅವಳು ಬಾಯೊಳಗಿನ ಎಲೆಯನ್ನು ಆ ದವಡೆಯಿಂದ ಈ ದವಡೆಗೆ ಹಾಕಿಕೊಂಡಳು. ಕೇಳಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ. ಅವಳು ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು ನನ್ನ ಪಕ್ಕದಲ್ಲಿ ನಿಂತು ಕೂಸುಗಳ ಅಂಗಾಲು ಕೆರೆಯತೊಡಗಿದಳು. ನನಗಿಂತ ಅವಳ ಕೈ ಮೆತ್ತಗಿತ್ತು.

ಆ ವರ್ಷ ಪಂಚಮಿ ಹಬ್ಬಕ್ಕೆ ರಾಮಸಮುದ್ರಕ್ಕೆ ಹೋದೆ. ತಿಪ್ಪಮ್ಮನೊಬ್ಬಳ ಮೇಲೆ ಶೆಡ್ಡು ಬಿಟ್ಟು ಬಂದ ಚಿಂತೆ ದಾರಿಯುದ್ದಕ್ಕೂ ಇತ್ತು. ನನ್ನ ತಮ್ಮನಿಗೆ ನಾಲ್ಕು ತಿಂಗಳ ಮಗ. ಹೆಂಗಸರೆಲ್ಲ ಉಂಡಿ ಕಟ್ಟುತ್ತಾ ನಗುತ್ತಿದ್ದರು, ಕೂಸು ಒಳಗೆ ತೊಟ್ಟಿಲಲ್ಲಿ ಮಲಗಿತ್ತು. ಬಹಳ ಹೊತ್ತಾಯಿತು ಅನ್ನಿಸಿತು. ಎದ್ದು ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದೆ, ಅಂಗಾಲು ಕೆರೆದೆ. ಕೂಸು ಬೆಚ್ಚಿ ಎದ್ದು ಕಿರುಚಿತು.

ತಮ್ಮನ ಹೆಂಡತಿ ಓಡಿಬಂದಳು. "ಯಕ್ಕಾ, ಈಗರ ಮಲಗಿಸಿದ್ನಲ್ಲ! ಕ್ಯಾಂಪಿನ ಕಾರಭಾರ ಕ್ಯಾಂಪಿನಾಗ ಇರ್ಲಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೂಸಿಗೆ ಏನೂ ಆಗಿರಲಿಲ್ಲ, ತಪ್ಪು ನನ್ನದೇ. ಆದರೆ ಒಂದು ತಿಳಿಯಿತು. ಯಾರ ಸಂಬಂಧವೂ ಇಲ್ಲದ ಊರಿನಲ್ಲಿ ಹದಿನಾಲ್ಕು ಕೂಸುಗಳನ್ನು ಎಬ್ಬಿಸುವ ಹಕ್ಕು ನನಗಿದೆ. ಹುಟ್ಟಿದ ಮನೆಯಲ್ಲಿ, ನನ್ನ ರಕ್ತದ ಒಂದು ಕೂಸನ್ನು ಮುಟ್ಟಲು ಕೇಳಬೇಕು.

ಇನ್ನೆರಡು ದಿನ ಇರು ಎಂದಳು ನಮ್ಮವ್ವ. ಇದ್ದೆ. ಎರಡೂ ದಿನ ತೊಟ್ಟಿಲಿನಿಂದ ದೂರ, ಬೀಗರು ಕೂತ ಹಾಗೆ ಪಡಸಾಲೆಯಲ್ಲಿ ಕೂತಿದ್ದೆ. ಕಿವಿ ಮಾತ್ರ ಒಳಗಿತ್ತು.