ಕೀಲಿನೊಳಗಿನ ಕಂದು ಗೆರೆ

ಮುಡಬಿಯ ಸುಮನಬಾಯಿ ಹನ್ನೊಂದು ವರ್ಷಗಳಿಂದ ಬಸವಕಲ್ಯಾಣದ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಉಪಕರಣ ತೊಳೆಯುತ್ತಿದ್ದಾಳೆ. ರಕ್ತ ಹತ್ತಿದ ಕತ್ತರಿ, ಇಕ್ಕಳದಂಥ ಫೋರ್ಸೆಪ್ಸ್‌ಗಳನ್ನು ಅವಳು ಮೊದಲು ತಣ್ಣೀರಿಗೇ ಹಾಕುವುದು. ಬಿಸಿನೀರಿಗೆ ರಕ್ತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಒಂದೊಂದರ ಬಾಯಿ ತೆರೆದು, ಕೀಲಿನ ಸಂದಿಗೆ ಬ್ರಷ್ ಆಡಿಸುತ್ತಾಳೆ. ಕ್ರಿಮಿ ಕೊಲ್ಲುವ ಉಗಿಯಂತ್ರದ ಸರದಿ ಅದಾದ ಮೇಲೆ.

ಆ ಸೋಮವಾರ ಅವಳ ಬಸ್ಸು ತಡವಾಯಿತು. ಅವಳು ಬರುವಷ್ಟರಲ್ಲಿ ಹೊಸ ನರ್ಸ್ ಮಯೂರಿ ತಾನೇ ಎಲ್ಲ ತೊಳೆದು, ಉಗಿಯಂತ್ರದಲ್ಲಿಟ್ಟು ತೆಗೆದು, ಹರ್ನಿಯಾ ಆಪರೇಷನ್ನಿಗೆ ತಟ್ಟೆ ಜೋಡಿಸಿದ್ದಳು. ರೋಗಿಗೆ ಅರಿವಳಿಕೆ ಕೊಡುವುದೊಂದೇ ಬಾಕಿ. ತೊಳೆದ ಬಕೆಟ್ಟಿನ ನೀರು ಮುಟ್ಟಿದರೆ ಇನ್ನೂ ಬಿಸಿಯಿತ್ತು.

"ಬಿಸಿನೀರಾಗ ತೊಳದೀಯೇನವ್ವಾ?"

"ಹೌದ್ರಿ ಬಾಯಿ, ಕುದಿಯೋ ನೀರಾಗ. ಹ್ಯಾಂಗ ಹೊಳ್ಯಾಕತ್ತಾವ ನೋಡ್ರಿ!"

"ಒಂದೊಂದರ ಬಾಯಿ ತೆರದು?"

"ಯಾಕ್ರಿ? ಲಾಕ್ ಮಾಡೇ ಇಟ್ಟೇನಿ, ಸಾಲಾಗಿ ಕೂಡತಾವ."

ಸುಮನಬಾಯಿ ತಟ್ಟೆಗೆ ಅಡ್ಡ ನಿಂತಳು. ಹುಮನಾಬಾದಿನಿಂದ ಬಂದಿದ್ದ ಸರ್ಜನ್ ಕೈತೊಳೆದು ಕಾಯುತ್ತಿದ್ದರು.

"ಏನ್ರಿ ಬಾಯಿ, ಇವತ್ತ ನೀವ ಆಪರೇಷನ್ ಮಾಡವ್ರೇನು?"

ಬರಿಗೈ ತಾಗಿದರೆ ಇಡೀ ತಟ್ಟೆ ಕೆಟ್ಟು ಮತ್ತೆ ಉಗಿಗೆ ಹೋಗಬೇಕು, ಇದ್ದದ್ದು ಅದೊಂದೇ ಸೆಟ್. ಕೀಲಿನೊಳಗೆ ಏನೂ ಸಿಗದಿದ್ದರೆ ತನ್ನ ಕೆಲಸ ಹೋಗುವುದೂ ಅವಳಿಗೆ ಗೊತ್ತಿತ್ತು. ಆದರೂ ಒಂದು ಫೋರ್ಸೆಪ್ಸ್ ಎತ್ತಿ, ಲಾಕ್ ಬಿಚ್ಚಿ, ದೀಪದ ಕೆಳಗೆ ಹಿಡಿದಳು. ಕೀಲಿನಲ್ಲಿ ಒಣಗಿದ ರಕ್ತದ, ಕೂದಲಿನಷ್ಟು ಸಣ್ಣ ಕಂದು ಗೆರೆಯಿತ್ತು.

ಸರ್ಜನ್ ಬಗ್ಗಿ ನೋಡಿದರು.

"ಎಷ್ಟೊತ್ತು ಬೇಕ್ರಿ?"

"ಎರಡು ತಾಸು ಕೊಡ್ರಿ, ಸಾಹೇಬ್ರ."

ರೋಗಿಯನ್ನು ವಾರ್ಡಿಗೆ ಕರೆದೊಯ್ಯಲು ಹೇಳಿ ಅವರು ಚಹಾಕ್ಕೆ ಹೋದರು. ಮಯೂರಿ ಯಾರೂ ಹೇಳದೆಯೇ ಬಕೆಟ್ಟಿನ ಬಿಸಿನೀರು ಚೆಲ್ಲಿ, ಅದನ್ನು ತಣ್ಣೀರಿನ ನಲ್ಲಿಯ ಕೆಳಗೆ ಇಟ್ಟಳು.