ನೀಲಮ್ಮನ ಸುರಗಿಪುಡಿ ಹಿತ್ತಿಲಲ್ಲಿ ಸಿಕ್ಕುವುದಿಲ್ಲ

ಅರಕಲಗೂಡಿನ ಕೆರೆಯೇರಿಯ ಕೆಳಗೆ ಇನ್ನೂ ನಸುಕು. ಸುರಗಿ ಮರದಡಿ ಹಾಸಿದ ಹಳೆಯ ಪಂಚೆಯ ಮೇಲೆ ಹೂವು ಉದುರುತ್ತಿದೆ. ಕೊಂಬೆಯ ತುಂಬ ಜೇನುಹುಳುಗಳ ಗುಂಯ್ ಸದ್ದು. ನೀಲಾಂಬಿಕೆ, ಊರವರ ಬಾಯಲ್ಲಿ ನೀಲಮ್ಮ, ಬಗ್ಗಿ ಮಣ್ಣು ಸೋಕದ ಹೂವನ್ನಷ್ಟೇ ಮೊರಕ್ಕೆ ಹಾಕುತ್ತಾರೆ. ಬಿಸಿಲು ಏರಿದರೆ ಹೂವಿನ ಸಿಹಿಗಂಪು ಹಾರಿಹೋಗುತ್ತದೆಂಬ ಅವಸರ ಅವರಿಗೆ. ಬೇರೆ ಹೂವು ಬಾಡಿದರೆ ಕಸ. ಸುರಗಿ ಮಾತ್ರ ಒಣಗಿದ ಮೇಲೂ ಘಮಘಮ ಎನ್ನುತ್ತದೆ.

ನೆರಳಲ್ಲಿ ಒಣಗಿಸಿದ ಈ ಹೂವನ್ನು ಕಚೋರದ ಗೆಡ್ಡೆ, ಕಸ್ತೂರಿ ಅರಿಶಿನ, ಹೆಸರುಕಾಳಿನ ಜೊತೆ ಒರಳಲ್ಲಿ ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿದರೆ ಮೈಗೆ ಹಚ್ಚುವ ಪುಡಿ. ಹೊಳೆನರಸೀಪುರದವರೆಗೂ ಮದುವೆಮನೆಗೆ, ಬಾಣಂತಿಮನೆಗೆ ಇದೇ ಬೇಕು. ಕುಟ್ಟಿದ ಕೈ ಯಾರದೆಂದು ಮಾತ್ರ ಯಾರೂ ಬಾಯಿ ಬಿಡರು. ನೀಲಮ್ಮನ ಗಂಡ ಈಶ್ವರಯ್ಯ ಪ್ಲೇಗಿನಲ್ಲಿ ತೀರಿಕೊಂಡು ಬಹಳ ವರ್ಷವಾಯಿತು. ಗಂಡ ಸತ್ತವಳ ಕೈಯ ಪುಡಿ ಮದುಮಗಳಿಗೆ ಆಗದಂತೆ. ಹಾಗಾಗಿ ಹೆಂಗಸರು ಹಿತ್ತಿಲ ಬೇಲಿಯ ಮೇಲಿಂದ ಚೊಂಬು ಚಾಚಿ ತುಂಬಿಸಿಕೊಂಡು, ಮನೆಗೆ ಹೋಗಿ "ನಮ್ಮತ್ತೆ ಕುಟ್ಟಿದ್ದು" ಎನ್ನುತ್ತಿದ್ದರು.

"ನನ್ ಮೈಯೆಲ್ಲ ಗಮ್ ಅಂತಿತ್ತಲ್ಲ, ಅದ್ಕೂ ಮಾತು. ಯಾರ್ಗೋಸ್ಕರ ವಾಸ್ನೆ ಇವ್ಳಿಗೆ ಅಂತ. ಕುಟ್ಟೋ ಕೈಗೆ ಅಂಟ್ದೆ ಇದ್ದಾತಾ?" ಎಂದು ನೀಲಮ್ಮ ನಗುತ್ತಾರೆ.

ಹೋದ ವರ್ಷ ಚನ್ನರಾಯಪಟ್ಟಣದಿಂದ ವ್ಯಾಪಾರಿ ನಂಜಯ್ಯ ಬಂದ. ಮಹಾಯುದ್ಧದ ದೆಸೆಯಿಂದ ಹಡಗಿನಲ್ಲಿ ಬರುವ ಸೀಮೆಯ ಪೌಡರು ಸಿಕ್ಕದು, ನಿಮ್ಮ ಪುಡಿಯನ್ನೇ ಡಬ್ಬಿಗೆ ತುಂಬಿ ಮಾರೋಣ ಎಂದ. ಡಬ್ಬಿಯ ಚೀಟಿಯನ್ನೂ ಅಚ್ಚು ಹಾಕಿಸಿ ತಂದಿದ್ದ: "ಮುತ್ತೈದೆ ಪುಡಿ".

"ಅಲ್ಲ ಕಣಣ್ಣ, ಕುಟ್ಟೋಳು ನಾನು. ನಿನ್ ಚೀಟೀಲಿರೋ ಮುತ್ತೈದೆ ಯಾರು?"

"ಯಾಪಾರದ್ ಮಾತು ಕಣಮ್ಮ. ಯಾರ್ಗೂ ಗೊತ್ತಾಗಕಿಲ್ಲ."

"ನಂಗೆ ಗೊತ್ತಾಯ್ತದಲ್ಲ. ನೀಲಮ್ಮನ ಪುಡಿ ಅಂತ ಬರ್ಸು, ಕೊಡ್ತೀನಿ. ಇಲ್ದಿದ್ರೆ ನಿನ್ನೆಂಡ್ತಿ ಮುತ್ತೈದೆ ತಾನೇ, ಒನಕೆ ಅವ್ಳ ಕೈಗೇ ಕೊಡೋಗು!"

ನಂಜಯ್ಯ ಖಾಲಿ ಡಬ್ಬಿ ಹೊತ್ತು ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಹತ್ತಿದ. ನೀಲಮ್ಮ ಅಂದೇ ಹಿತ್ತಿಲ ಬೇಲಿಗೆ ಮುಳ್ಳು ಬಡಿದರು. ಪುಡಿ ಬೇಕಾದವರು ಬೀದಿಬಾಗಿಲಿಗೆ ಬರಬೇಕು, ಕುಟ್ಟಿದವಳ ಹೆಸರು ಹೇಳಬೇಕು. ಯಾರೂ ಬರಲಿಲ್ಲ. ಮದುವೆಯ ಕಾಲವೆಲ್ಲ ಒರಳು ಸುಮ್ಮನೆ ಕೂತಿತು. ನೀಲಮ್ಮ ಕಂಡವರ ಹೊಲದಲ್ಲಿ ಕಳೆ ಕಿತ್ತರು, ಮುಳ್ಳು ತೆಗೆಯಲಿಲ್ಲ.

ಈಗ, ಹೂವಿನ ಮೊರ ಹೊತ್ತು ಮನೆಗೆ ಬಂದರೆ, ಬೀದಿಬಾಗಿಲಲ್ಲಿ ಎದುರುಮನೆಯ ಸಣ್ಣಕ್ಕ ನಿಂತಿದ್ದಾಳೆ. ಸೋಮವಾರ ಮಗಳ ಮದುವೆ. ಸೆರಗಿನಡಿ ಪಾತ್ರೆ.

"ನೀಲತ್ತೆ ಪುಡಿ ಇಲ್ದೆ ಅಸೆಮಣೆ ಅತ್ತಕಿಲ್ಲ ಅಂತ ಕುಂತವ್ಳೆ ಕಣೇ ನನ್ ಮಗ್ಳು, ಮೂದೇವಿ."

"ಯಾರು ಕುಟ್ಟಿದ್ದು ಅಂತ ಏಳ್ತೀಯಾ?"

ಸಣ್ಣಕ್ಕ ಬೀದಿಯತ್ತ ನೋಡುತ್ತಾಳೆ. ನೀರಿಗೆ ಹೊರಟ ಹೆಂಗಸರು ಕೊಡ ಹಿಡಿದು ನಿಂತುಬಿಟ್ಟಿದ್ದಾರೆ.

"ನೀಲಮ್ಮ ಕುಟ್ಟಿದ್ದು!" ಸಣ್ಣಕ್ಕ ಕೂಗುತ್ತಾಳೆ. "ಸಾಕಾ? ಇಲ್ಲ ತಮಟೆ ಒಡಿಸ್ಲಾ?"

ನೀಲಮ್ಮ ಒಳಗಿಂದ ಈ ವರ್ಷ ಮತ್ತೆ ಕುಟ್ಟಿಟ್ಟಿದ್ದ ಪುಡಿಯ ಗಡಿಗೆ ತಂದು, ಹೊಸ್ತಿಲ ಮೇಲೆ ಎಲ್ಲರೆದುರಿಗೇ ಕೂತು, ಪಾತ್ರೆಗೆ ಗೋಪುರ ಕಟ್ಟುವಂತೆ ಸುರಿಯುತ್ತಾರೆ.

"ನಿನ್ ಮಗೀಗೆ ಇಂಗೇಳು ಸಣ್ಣಕ್ಕ," ಎನ್ನುತ್ತಾರೆ, ಕೈ ಕೊಡವಿಕೊಳ್ಳುತ್ತ. "ಇದ್ನ ಅಚ್ಕಳಕ್ಕೆ ಮುತ್ತೈದೇನೇ ಆಗ್ಬೇಕು ಅಂತಿಲ್ಲ. ಮೈಯೊಂದಿದ್ರೆ ಸಾಕು."